ಕಂಬಳಿ, ಮಲ್ಲಿಗೆ, ಹೊಲಿಗೆ ಯಂತ್ರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ... ಈ ಐದು ಹೆಸರು ಒಟ್ಟಿಗೆ ಬಂದರೆ ಮುಂದಿನ ಸಾಲಿನಲ್ಲಿ ಏನಿರುತ್ತೆ ಅನ್ನೋದು ನನಗೆ ಬಾಯಿಪಾಠ ಆಗಿಬಿಟ್ಟಿದೆ. ಹಿಂದುಳಿದ ತಾಲೂಕುಗಳು, ಗುಳೆ, ಕೌಶಲ ತರಬೇತಿ, ಸ್ವಾವಲಂಬಿ ಗ್ರಾಮ. ಸರ್ಕಾರದ ಪ್ರಕಟಣೆ ಇರಲಿ, ಸ್ವಯಂಸೇವಾ ಸಂಸ್ಥೆಯ ಕರಪತ್ರ ಇರಲಿ, ಎಲ್ಲದರಲ್ಲೂ ಒಂದೇ ಧಾಟಿ. ಇಲ್ಲಿನ ಜನಕ್ಕೆ ಕಸುಬು ಗೊತ್ತಿಲ್ಲ, ಕಲಿಸಿಕೊಟ್ಟರೆ ಊರಲ್ಲೇ ಉಳಿದು ಬದುಕಿಕೊಳ್ತಾರೆ ಅಂತ. ಓದುವಾಗೆಲ್ಲ ನನಗೊಂದು ತಕರಾರು ಏಳುತ್ತಿತ್ತು. ಗೊತ್ತಿಲ್ಲದ್ದು ಯಾವಾಗಿನಿಂದ? ಮೊದಲೂ ಗೊತ್ತಿರಲಿಲ್ಲವೇ?

ಸ್ವಲ್ಪ ಹಳೆಯ ಪುಸ್ತಕ ತಿರುವಿಹಾಕಿದ ಮೇಲೆ, ಆ ಸೀಮೆಯಲ್ಲಿ ಒಂದಿಷ್ಟು ಓಡಾಡಿದ ಮೇಲೆ, ಬರೆಯೋಣ ಅನ್ನಿಸಿತು. ನಾನು ಇತಿಹಾಸ ಓದಿದವನಲ್ಲ, ಕೋಡ್ ಬರೆಯುವವನು. ಆದ್ದರಿಂದ ಇದನ್ನು ಸಂಶೋಧನೆ ಅಂದುಕೊಳ್ಳಬೇಡಿ.

ಮೊದಲು ಊರುಗಳ ಜಾತಕ. ಹೊಸಪೇಟೆಯೊಂದನ್ನು ಬಿಟ್ಟರೆ ಈಗಿನ ವಿಜಯನಗರ ಜಿಲ್ಲೆ ಅಂದರೆ ಈ ಐದು ತಾಲೂಕೇ. ಜಿಲ್ಲೆ ಆದದ್ದು 2021ರಲ್ಲಿ. ಅದಕ್ಕೆ ಮುಂಚೆ ಬಳ್ಳಾರಿ. ಹರಪನಹಳ್ಳಿಯದು ಮಾತ್ರ ಇನ್ನೂ ಸುತ್ತು ದಾರಿ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 371(ಜೆ) ಸೌಲಭ್ಯದ ಹೋರಾಟ ನಡೆದು 2018ರಲ್ಲಿ ಬಳ್ಳಾರಿಗೆ ವಾಪಸಾಯಿತು, ಮೂರೇ ವರ್ಷಕ್ಕೆ ವಿಜಯನಗರ. ಕೊಟ್ಟೂರು ಈಚೆಗೆ ತಾಲೂಕಾದದ್ದು, ಮೊದಲು ಕೂಡ್ಲಿಗಿಯ ಹೋಬಳಿ. ಇನ್ನೂ ಹಿಂದಕ್ಕೆ ಹೋದರೆ 1953ರ ಅಕ್ಟೋಬರ್ 1ರವರೆಗೆ ಇದು ಮದರಾಸಿನ ಆಡಳಿತಕ್ಕೆ ಸೇರಿದ್ದ ಪ್ರದೇಶ. ಮೈಸೂರು ಸಂಸ್ಥಾನದ ಹೆಬ್ಬಾಗಿಲಿನ ಹೊರಗೆ ಇದ್ದ ಕನ್ನಡ ನಾಡು. ಕೈಗಾರಿಕೆ, ಕೆರೆ, ಶಾಲೆ ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಮೈಸೂರು ಮಾದರಿಯ ಕಥೆಯಲ್ಲಿ ಈ ಸೀಮೆಗೆ ಜಾಗವೇ ಇರಲಿಲ್ಲ.

2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಅಂತ ಪಟ್ಟಿ ಮಾಡಿತಲ್ಲ, ಅದರಲ್ಲಿ ಕೂಡ್ಲಿಗಿ ಇದೆ, ಹರಪನಹಳ್ಳಿ ಇದೆ. ನೂರು ವರ್ಷ ಹಿಂದಕ್ಕೆ ಹೋಗೋಣ. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಎಂಬ ಐಸಿಎಸ್ ಅಧಿಕಾರಿ ಬಳ್ಳಾರಿ ಜಿಲ್ಲೆಯ ಗೆಜೆಟಿಯರ್ ಬರೆದ. ಆಗ ಜಿಲ್ಲೆಯಲ್ಲಿ ಆದೋನಿ, ರಾಯದುರ್ಗ ಎಲ್ಲ ಸೇರಿ ಎಂಟು ತಾಲೂಕು. ಹಗರಿಬೊಮ್ಮನಹಳ್ಳಿ ಇನ್ನೂ ತಾಲೂಕಾಗಿರಲಿಲ್ಲ. ಬರದ ಜಿಲ್ಲೆ ಅಂತ ಅವನೂ ಬರೆಯುತ್ತಾನೆ. ಆದರೆ ಪಶ್ಚಿಮದ ತಾಲೂಕುಗಳ ಕುರುಬರು ನೇಯುವ ಕಂಬಳಿಯನ್ನು ಜಿಲ್ಲೆಯ ಕೈಗಾರಿಕೆ ಅಂತಲೇ ಲೆಕ್ಕಕ್ಕೆ ಹಿಡಿಯುತ್ತಾನೆ. ಪಶ್ಚಿಮದ ತಾಲೂಕು ಅಂದರೆ ನಮ್ಮ ಇದೇ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ.

ಕಂಬಳಿ ಹೇಗೆ ಆಗುತ್ತೆ ಅಂತ ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರೋ ಗೊತ್ತಿಲ್ಲ. ಡೆಕ್ಕನಿ ಕುರಿ, ಬಹುಪಾಲು ಕರಿ ಬಣ್ಣದ್ದು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಅದನ್ನು ಬಿಲ್ಲಿನ ಹೆದೆಯಿಂದ ಮೀಟಿ ಬಿಡಿಸಬೇಕು. ನೂಲುವುದು ಹೆಂಗಸರ ಕೆಲಸ. ನೂಲು ಹಾಸು ಮಾಡಿ, ಅದಕ್ಕೆ ಹುಣಸೆ ಬೀಜ ಹುರಿದು ಬೀಸಿ ಕುದಿಸಿದ ಗಂಜಿ ಹಚ್ಚಿ, ಬಯಲಲ್ಲಿ ಉದ್ದಕ್ಕೆ ಕಟ್ಟಿ ಒಣಗಿಸಬೇಕು. ಆಮೇಲೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯ್ಗೆ. ಇದರಲ್ಲಿ ಹೊರಗಿನಿಂದ ತರಬೇಕಾದದ್ದು ಏನಿದೆ ಹೇಳಿ? ಕುರಿ ಊರಿನದು, ಹುಣಸೆ ಊರಿನದು, ಮಗ್ಗಕ್ಕೆ ಕಟ್ಟಿಗೆ ಊರ ಬಡಿಗನದು. ಕೊಳ್ಳುವವನೂ ಪಕ್ಕದ ಊರಿನ ರೈತನೇ. ಮಳೆಯಲ್ಲಿ ಕೊಪ್ಪೆ, ಚಳಿಗೆ ಹೊದಿಕೆ, ಕಣದಲ್ಲಿ ಹಾಸು, ಮದುವೆಯಲ್ಲಿ ಗದ್ದಿಗೆ. ಹಡಗಲಿ ತಾಲೂಕಿನ ಮೈಲಾರದಲ್ಲಿ ಕಾರಣಿಕ ನುಡಿಯುವ ಗೊರವಯ್ಯನ ಮೈಮೇಲೂ ಕರಿ ಕಂಬಳಿಯೇ. "ಸ್ವಾವಲಂಬಿ ಗ್ರಾಮ" ಅಂತ ಯಾರೂ ಫಲಕ ಹಾಕದೇ ನಡೆಯುತ್ತಿದ್ದ ವ್ಯವಸ್ಥೆ ಇದು.

ಹಾಗಂತ ಎಲ್ಲ ಸುಭಿಕ್ಷವಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತೆ. 1876-78ರ ಮಹಾ ಬರದಲ್ಲಿ ಬಳ್ಳಾರಿ ಜಿಲ್ಲೆ ಹೇಗೆ ನಲುಗಿತು ಅಂದರೆ 1871ರ ಜನಗಣತಿಗೂ 1881ರದಕ್ಕೂ ಹೋಲಿಸಿದರೆ ಜನಸಂಖ್ಯೆ ಸುಮಾರು ಶೇಕಡಾ 20ರಷ್ಟು ಇಳಿದಿತ್ತು. ಐವರಲ್ಲಿ ಒಬ್ಬರು! ಆಗಿನ ಬರ ಪರಿಹಾರ ಅಂದರೆ ಕಲ್ಲು ಒಡೆಯುವುದು, ರಸ್ತೆಗೆ ಮಣ್ಣು ಹೊರುವುದು.

ಇಲ್ಲೇ ನನಗೆ ಒಂದು ಆಶ್ಚರ್ಯದ ಸಂಗತಿ ಸಿಕ್ಕಿದ್ದು. ಆ ಬರದ ನಂತರ ಬ್ರಿಟಿಷರು ಬರ ಸಂಹಿತೆ ಮಾಡಿದರು. ಮದರಾಸಿನ ಸಂಹಿತೆಯಲ್ಲಿ ನೇಕಾರರಿಗೆ ಅಂತಲೇ ಬೇರೆ ವ್ಯವಸ್ಥೆ ಇತ್ತು. ಅವರನ್ನು ಕಲ್ಲು ಒಡೆಯಲು ಕಳಿಸುವ ಬದಲು ನೂಲು ಕೊಡುವುದು, ಕೂಲಿ ಕೊಟ್ಟು ಮನೆಯಲ್ಲೇ ನೇಯಿಸುವುದು, ನೇಯ್ದದ್ದನ್ನು ಸರ್ಕಾರವೇ ತೆಗೆದುಕೊಳ್ಳುವುದು. 1896-97ರ ಬರದಲ್ಲಿ ಇದನ್ನು ನಡೆಸಿದರು ಕೂಡ. ಪ್ರೀತಿಯಿಂದ ಮಾಡಿದ್ದಲ್ಲ, ಲೆಕ್ಕಾಚಾರದಿಂದ. ಕಲ್ಲು ಒಡೆದು ಕೈ ಒರಟಾದ ನೇಕಾರ ಬರ ಮುಗಿದ ಮೇಲೆ ಮಗ್ಗಕ್ಕೆ ಹೋಗಲಾರ, ಖಾಯಂ ಹೊರೆಯಾಗುತ್ತಾನೆ ಅನ್ನುವ ಲೆಕ್ಕ. ಆದರೂ ನೋಡಿ, ನೇಕಾರನಿಗೆ ಇಲ್ಲದಿರುವುದು ಕೆಲಸದ ಜ್ಞಾನ ಅಲ್ಲ, ನೂಲು ಮತ್ತು ಗಿರಾಕಿ ಅನ್ನುವುದು ಆ ಪರದೇಶಿ ಸರ್ಕಾರಕ್ಕೂ ಅರ್ಥವಾಗಿತ್ತು.

1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್ ಗೇಜ್ ರೈಲು ಬಂತು. ಕೊಟ್ಟೂರು ಮೊದಲೇ ವ್ಯಾಪಾರದ ಊರು, ರೈಲು ಬಂದ ಮೇಲೆ ಇನ್ನಷ್ಟು ಬೆಳೆಯಿತು. ಬೆಳೆದದ್ದು ಹೊರಗೆ ಹೋಗುವುದು ಸುಲಭವಾದಷ್ಟೇ ಹೊರಗಿನ ಗಿರಣಿ ಮಾಲು ಒಳಗೆ ಬರುವುದೂ ಸುಲಭವಾಯಿತು. ಎತ್ತಿನ ಹೇರಿನ ಮೇಲೆ ಉಪ್ಪು, ಧಾನ್ಯ ಸಾಗಿಸುತ್ತಿದ್ದ ಲಂಬಾಣಿಗರ ಕಸುಬು ದೇಶದ ತುಂಬ ರಸ್ತೆ, ರೈಲು ಬಂದಂತೆ ಆಗಲೇ ಮುಗಿಯುತ್ತಾ ಬಂದಿತ್ತು. ಒಂದು ಕಾಲದಲ್ಲಿ ಸೈನ್ಯಗಳಿಗೆ ದಿನಸಿ ಮುಟ್ಟಿಸುತ್ತಿದ್ದವರು ಇವರು. ಈ ಐದೂ ತಾಲೂಕಿನ ತಾಂಡಾಗಳಲ್ಲಿ ನೆಲೆ ನಿಂತು ಮಳೆ ನಂಬಿದ ಹೊಲ, ಸೌದೆ, ಕೂಲಿ ಹಿಡಿದರು. ಈಗಲೂ ಕಾಫಿ ತೋಟಕ್ಕೆ, ಮಂಡ್ಯದ ಕಬ್ಬಿನ ಗದ್ದೆಗೆ ಗುಳೆ ಹೋಗುವವರಲ್ಲಿ ತಾಂಡಾದವರೇ ಹೆಚ್ಚು.

ಸ್ವಾವಲಂಬಿ ಹಳ್ಳಿ ಅನ್ನುವ ಮಾತು ಯೋಜನೆಯ ರೂಪದಲ್ಲಿ ಬಂದದ್ದು ಗಾಂಧೀಜಿಯಿಂದ. 1934ರಲ್ಲಿ ಹರಿಜನ ಯಾತ್ರೆಯ ಸಂದರ್ಭದಲ್ಲಿ ಅವರು ಈ ಸೀಮೆಗೆ ಬಂದಿದ್ದರು, ಸಂಡೂರಿಗೂ ಹೋದರು. ಅದೇ ವರ್ಷದ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿತು, ಜೆ.ಸಿ. ಕುಮಾರಪ್ಪ ಅದರ ಕಾರ್ಯದರ್ಶಿ. ಕುಮಾರಪ್ಪ ಲೆಕ್ಕಪತ್ರ ಓದಿದ ಮನುಷ್ಯ, ಭಾವುಕತೆ ಕಡಿಮೆ. ಊರಿನ ಕಚ್ಚಾಮಾಲು ಊರಲ್ಲೇ ಪದಾರ್ಥವಾಗಬೇಕು, ಊರಲ್ಲೇ ಮೊದಲು ಬಳಕೆಯಾಗಬೇಕು ಅನ್ನುವುದು ಅವರ ವಾದದ ತಿರುಳು. ಕಂಬಳಿಯ ಉದಾಹರಣೆ ನೆನಪಿಸಿಕೊಳ್ಳಿ, ಅವರು ಏನು ಹೇಳುತ್ತಿದ್ದರು ಅಂತ ಗೊತ್ತಾಗುತ್ತೆ.

1946ರಲ್ಲಿ ಟಿ. ಪ್ರಕಾಶಂ ಮದರಾಸಿನ ಪ್ರಧಾನಿಯಾದಾಗ (ಆಗ ಪ್ರಾಂತ್ಯಗಳಲ್ಲಿ ಹಾಗೇ ಕರೆಯುತ್ತಿದ್ದರು) ಫಿರ್ಕಾ ಅಭಿವೃದ್ಧಿ ಯೋಜನೆ ಅಂತ ತಂದರು. ಫಿರ್ಕಾ ಅಂದರೆ ನಮ್ಮ ಹೋಬಳಿ ಇದ್ದ ಹಾಗೆ. ಪ್ರಾಂತ್ಯದಲ್ಲಿ 34 ಫಿರ್ಕಾ ಆರಿಸಿ ಕುಡಿಯುವ ನೀರು, ರಸ್ತೆ, ಪಂಚಾಯ್ತಿ, ಸಹಕಾರ ಸಂಘ, ಖಾದಿ, ಗ್ರಾಮೋದ್ಯೋಗ ಎಲ್ಲವನ್ನೂ ಒಂದೇ ಕಡೆ ಸೇರಿಸಿ ಆ ಪ್ರದೇಶವನ್ನು ತನ್ನ ಕಾಲ ಮೇಲೆ ನಿಲ್ಲಿಸುವುದು ಉದ್ದೇಶ. ಪ್ರಕಾಶಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೊಸ ಬಟ್ಟೆ ಗಿರಣಿಗಳಿಗೆ ಅನುಮತಿ ಬೇಡ ಅಂದರು. ಕೈನೂಲು ಉಳಿಯಬೇಕಾದರೆ ಮಾರುಕಟ್ಟೆಯಲ್ಲಿ ಜಾಗ ಬಿಡಬೇಕಲ್ಲ! ಗಲಾಟೆ ಆಯಿತು, 1947ರ ಮಾರ್ಚಿನಲ್ಲಿ ಅವರ ಸರ್ಕಾರವೇ ಹೋಯಿತು. ಯೋಜನೆ ಮಾತ್ರ ಮುಂದುವರಿದು 1950ರ ಹೊತ್ತಿಗೆ 84 ಫಿರ್ಕಾಗಳಿಗೆ ಹರಡಿತು. 1952ರಲ್ಲಿ ದೆಹಲಿಯಿಂದ ಸಮುದಾಯ ಅಭಿವೃದ್ಧಿ ಯೋಜನೆ ಬಂದ ಮೇಲೆ ಅದರಲ್ಲಿ ಕರಗಿತು. ಮರುವರ್ಷ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಗಿರಣಿ ನಿಲ್ಲಿಸಿದ್ದು ಸರಿಯೋ ತಪ್ಪೋ, ವಾದ ಮಾಡಬಹುದು. ನನಗೂ ಅದು ಅತಿ ಅನ್ನಿಸುತ್ತೆ. ಆದರೆ ಕಸುಬನ್ನೂ ಮಾರುಕಟ್ಟೆಯನ್ನೂ ಒಟ್ಟಿಗೆ ಹಿಡಿದು ಯೋಚಿಸಿದ ಸರ್ಕಾರ ಆಮೇಲೆ ನನಗೆ ಹೆಚ್ಚು ಕಾಣಲಿಲ್ಲ.

ಅದೇ 1953ಕ್ಕೆ ತುಂಗಭದ್ರಾ ಅಣೆಕಟ್ಟೆ ಮುಗಿಯಿತು. ಸುಮಾರು 90 ಹಳ್ಳಿ ಮುಳುಗಿ 54 ಸಾವಿರ ಜನ ಎದ್ದು ಹೋಗಬೇಕಾಯಿತು. ನೀರು ಹೋದದ್ದು ಕೆಳಗೆ, ಹೊಸಪೇಟೆ, ಕಂಪ್ಲಿ, ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಕಡೆ. ನಮ್ಮ ಐದು ತಾಲೂಕು ಬಹುಪಾಲು ಮೇಲಿನ ದಿಬ್ಬದಲ್ಲಿ, ಮಳೆ ನಂಬಿದ ಮಸಾರಿ ಭೂಮಿಯಾಗಿ ಉಳಿದವು. ಹಡಗಲಿ ಕಡೆ ಸಿಂಗಟಾಲೂರು ಏತ ನೀರಾವರಿ ಬರುವ ಹೊತ್ತಿಗೆ ಎರಡು ತಲೆಮಾರು ಕಳೆದಿತ್ತು.

ಇನ್ನು ತರಬೇತಿಯ ಯುಗ. 1979ರ ಆಗಸ್ಟ್ 15ಕ್ಕೆ ಟ್ರೈಸೆಂ ಶುರು. ಹಳ್ಳಿಯ 18ರಿಂದ 35 ವರ್ಷದವರಿಗೆ ಸ್ವ-ಉದ್ಯೋಗ ತರಬೇತಿ. 1982ಕ್ಕೆ ಹೆಂಗಸರಿಗಾಗಿ ಡ್ವಾಕ್ರಾ. ಹೀಗೇ ಬೆಳೆದು ಬೆಳೆದು, ಒಂದಕ್ಕೊಂದು ಸಂಬಂಧ ಇಲ್ಲ ಅಂತ 1997ರಲ್ಲಿ ಹಾಶಿಂ ಸಮಿತಿ ಹೇಳಿ, 1999ರ ಏಪ್ರಿಲ್‌ನಲ್ಲಿ ಎಲ್ಲವನ್ನೂ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆ ಅಂತ ಒಂದು ಮಾಡಿದರು. ನಮ್ಮ ರಾಜ್ಯದ್ದೇ ಸ್ತ್ರೀಶಕ್ತಿ 2000ದಲ್ಲಿ. 2011ರಲ್ಲಿ ಜೀವನೋಪಾಯ ಮಿಷನ್, ನಮ್ಮಲ್ಲಿ ಸಂಜೀವಿನಿ. 2014ರಲ್ಲಿ ದೀನ್ ದಯಾಳ್ ಉಪಾಧ್ಯಾಯ ಹೆಸರಿನ ಗ್ರಾಮೀಣ ಕೌಶಲ ಯೋಜನೆ. ಹೆಸರು ಬದಲಾಗುತ್ತೆ, ಹೊಲಿಗೆ ಯಂತ್ರ ಬದಲಾಗಲ್ಲ :) ಒಂದೇ ಹಳ್ಳಿಯಲ್ಲಿ ಇಪ್ಪತ್ತು ಜನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದರೆ ಆ ಹಳ್ಳಿಯಲ್ಲಿ ಹೊಲಿಸಿಕೊಳ್ಳಬೇಕಾದ ರವಿಕೆ ಎಷ್ಟು ಅಂತ ಯಾರಾದರೂ ಎಣಿಸಿದ್ದಾರೆಯೇ?

ನಮ್ಮ ಐಟಿ ಕಂಪನಿಗಳನ್ನು ನೋಡಿ. ಮೆಕ್ಯಾನಿಕಲ್, ಸಿವಿಲ್ ಓದಿದವನನ್ನೂ ಕೆಲಸಕ್ಕೆ ತೆಗೆದುಕೊಂಡು, ಸಂಬಳ ಕೊಡುತ್ತಾ ಮೂರು ನಾಲ್ಕು ತಿಂಗಳು ಪ್ರೋಗ್ರಾಮಿಂಗ್ ಕಲಿಸುತ್ತಾರೆ. ಮೊದಲು ಕೆಲಸ, ಆಮೇಲೆ ಕಲಿಕೆ. ಹಳ್ಳಿಯವರಿಗೆ ಮಾತ್ರ ಮೊದಲು ಕಲಿಕೆ, ಸರ್ಟಿಫಿಕೇಟು, ಗ್ರೂಪ್ ಫೋಟೋ. ಕೆಲಸ ಅವರೇ ಹುಡುಕಿಕೊಳ್ಳಬೇಕು. ಈ ದೋಷ ಅರಿತು ಮಾಡಿದ ಒಂದು ಪ್ರಯತ್ನ ನಮ್ಮ ರಾಜ್ಯದಲ್ಲೇ ಇದೆ. ಧರ್ಮಸ್ಥಳ ಮತ್ತು ಬ್ಯಾಂಕುಗಳು ಸೇರಿ 1982ರಲ್ಲಿ ಉಜಿರೆಯಲ್ಲಿ ಶುರುಮಾಡಿದ ರುಡ್‌ಸೆಟ್. ಅಲ್ಲಿ ತರಬೇತಿ ಚಿಕ್ಕದು, ಬ್ಯಾಂಕ್ ಸಾಲ ಕೊಡಿಸಿ ಆಮೇಲೆ ವಿಚಾರಿಸಿಕೊಳ್ಳುವುದು ದೊಡ್ಡದು. ಅದನ್ನೇ ನೋಡಿ ಕೇಂದ್ರ ಸರ್ಕಾರ 2009ರ ನಂತರ ಜಿಲ್ಲೆಗೊಂದು ಅಂಥ ಸಂಸ್ಥೆ ಮಾಡಹೊರಟಿತು.

ತರಬೇತಿ ಅನ್ನುವುದು ಬರೀ ಹಾಸ್ಯದ ವಿಷಯ ಅಲ್ಲ ಅಂತ ನೆನಪಿಸುವ ಜಾಗವೂ ಇದೇ. ದೇವದಾಸಿ ಪದ್ಧತಿ ಬೇರುಬಿಟ್ಟಿದ್ದ ಸೀಮೆ ಇದು. ಮದರಾಸಿನ ಕಾನೂನು 1947ರಲ್ಲೇ ಅದನ್ನು ನಿಷೇಧಿಸಿತ್ತು, ಕರ್ನಾಟಕದ ಕಾನೂನು ಬಂದದ್ದು 1982ರಲ್ಲಿ. ಆದರೂ 1993-94 ಮತ್ತು 2007-08ರ ಎರಡು ಸಮೀಕ್ಷೆ ಸೇರಿ ರಾಜ್ಯದಲ್ಲಿ 46,660 ಮಹಿಳೆಯರು ಲೆಕ್ಕಕ್ಕೆ ಸಿಕ್ಕರು. ನಿಷೇಧದಿಂದ ಹೊಟ್ಟೆ ತುಂಬುವುದಿಲ್ಲ. ಮಗಳಿಗೆ ಮುತ್ತು ಕಟ್ಟಿಸಲ್ಲ ಅಂತ ತಾಯಿಯೊಬ್ಬಳು ಹಟ ಹಿಡಿಯಬೇಕಾದರೆ ಅವಳ ಕೈಯಲ್ಲಿ ನಾಲ್ಕು ಕಾಸು ಓಡಾಡಬೇಕು. ಇಂಥ ಕಡೆ ಆರು ತಿಂಗಳ ತರಬೇತಿ ಕೊಟ್ಟು ಕೈ ತೊಳೆದುಕೊಂಡರೆ ಅದರ ಬೆಲೆ ಯಾರು ತೆರುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ನಿಂತದ್ದು ಯಾವುದು? ಕೂಡ್ಲಿಗಿಯ ಪಕ್ಕದ ತಾಲೂಕು ಸಂಡೂರು. 1984ರಲ್ಲಿ ಅಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಶುರುವಾಯಿತು. ಮಾಡಿದವರು ಎಂ.ವೈ. ಘೋರ್ಪಡೆ, ಸಂಡೂರಿನ ರಾಜಮನೆತನದವರು, ರಾಜ್ಯದಲ್ಲಿ ಹಣಕಾಸು, ಗ್ರಾಮೀಣಾಭಿವೃದ್ಧಿ ಖಾತೆ ನೋಡಿಕೊಂಡಿದ್ದವರು. ಅಲ್ಲಿ ಕಲ್ಲು ಕೆತ್ತನೆ, ಬಿದಿರಿನ ಕೆಲಸ ಎಲ್ಲ ಇದ್ದರೂ ಹೆಸರು ಮಾಡಿದ್ದು ಲಂಬಾಣಿ ಕಸೂತಿ.

ತಾಂಡಾದ ಹೆಂಗಸರಿಗೆ ಕಸೂತಿಯನ್ನು ಕೇಂದ್ರ ಕಲಿಸಲಿಲ್ಲ. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಮಗಳಿಗೆ ಬಂದ ಹೊಲಿಗೆ ಅದು, ಹದಿನಾಲ್ಕು ಬಗೆಯದು. ಕನ್ನಡಿ, ಕವಡೆ, ನಾಣ್ಯ ಸೇರಿಸಿ ತಮ್ಮ ಫೇಟಿಯಾ, ಕಾಂಚಳಿಗೆ ಹಾಕಿಕೊಳ್ಳುತ್ತಿದ್ದರು. ಮಾರುವುದಕ್ಕೆ ಅಂತ ಮಾಡಿದ್ದಲ್ಲ. ಕೇಂದ್ರ ಮಾಡಿದ್ದು ಬೇರೆ ಕೆಲಸ. ಬಟ್ಟೆ, ದಾರ, ಬಣ್ಣ ಒದಗಿಸಿತು. ಪೇಟೆಯವರು ಕೊಳ್ಳುವಂಥ ದಿಂಬಿನ ಚೀಲ, ಕುರ್ತಾ, ಕೈಚೀಲಕ್ಕೆ ಆ ಹೊಲಿಗೆಯನ್ನು ಒಗ್ಗಿಸಿತು. ಮಾಡಿದಷ್ಟಕ್ಕೆ ಕೂಲಿ ಕೊಟ್ಟು ಮಾರುವ ಉಸಾಬರಿ ತಾನು ಹೊತ್ತುಕೊಂಡಿತು. ನೂರು ವರ್ಷದ ಹಿಂದೆ ಬರ ಸಂಹಿತೆಯಲ್ಲಿದ್ದ ಅದೇ ಸೂತ್ರ! ವ್ಯತ್ಯಾಸ ಅಂದರೆ ಇದು ಬರ ಮುಗಿದ ಮೇಲೂ ನಿಲ್ಲಲಿಲ್ಲ. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಬಂತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಆಯಿತು. ಪತ್ರಿಕೆಗಳಲ್ಲಿ ಫೋಟೋ ನೋಡಿರುತ್ತೀರಿ.

ಒಂದು ಮಾತು ಮುಚ್ಚಿಡಬಾರದು. ಕೇಂದ್ರದ ಬೆನ್ನಿಗೆ ಸಂಡೂರಿನ ಗಣಿ ಕಂಪನಿಯ ಬಲ ಇದೆ. ನಷ್ಟದ ವರ್ಷಗಳನ್ನು ದಾಟಿಸುವ ಕೈ ಇದ್ದದ್ದರಿಂದ ಅದು ನಲವತ್ತು ವರ್ಷ ಬಾಳಿದೆ. ಕೂಡ್ಲಿಗಿಯ, ಹರಪನಹಳ್ಳಿಯ ತಾಂಡಾಗಳಲ್ಲೂ ಅದೇ ಹೊಲಿಗೆ ಬಲ್ಲ ಅಜ್ಜಿಯರಿದ್ದಾರೆ. ಅಲ್ಲಿ ಗಣಿಯೂ ಇಲ್ಲ, ಘೋರ್ಪಡೆಯವರೂ ಇರಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಹಡಗಲಿ ಮಲ್ಲಿಗೆ. ಹೂವಿನಹಡಗಲಿಯಿಂದ ಹಂಪಿಗೆ ಹಡಗಿನಲ್ಲಿ ಹೂ ಹೋಗುತ್ತಿತ್ತು, ಅದಕ್ಕೇ ಆ ಹೆಸರು ಅಂತ ಕಥೆ ಇದೆ. ಕೇಳಲು ಚೆಂದ. ಆದರೆ ವಿಜಯನಗರಕ್ಕೂ ಮುಂಚೆ, ಚಾಲುಕ್ಯರ ಕಾಲದ ಶಾಸನಗಳಲ್ಲೇ ಊರ ಹೆಸರು "ಪೂವಿನ ಪಡಂಗಿಲೆ" ಅಂತ ಇದೆ. ಹಡಗು ಆಮೇಲೆ ಬಂದು ಸೇರಿಕೊಂಡಿರಬೇಕು. ಹೂವಂತೂ ಮೊದಲಿಂದಲೂ ಇದೆ! ಈ ಬೆಳೆಗೆ ಯಾರೂ ತರಬೇತಿ ಕೊಟ್ಟದ್ದಿಲ್ಲ. ತುಂಡು ಭೂಮಿ, ಒಂದು ಬಾವಿಯ ನೀರು, ನಸುಕಿಗೆ ಎದ್ದು ಮೊಗ್ಗು ಬಿಡಿಸುವ ಮನೆಮಂದಿ, ಮಾರು ಹಾಕಿ ಕಟ್ಟುವ ಹೆಂಗಸರು, ಬೆಳಗಿನ ಬಸ್ಸು. 2007-08ರಲ್ಲಿ ಮೈಸೂರು, ಉಡುಪಿ ಮಲ್ಲಿಗೆಯ ಜೊತೆಗೆ ಇದಕ್ಕೂ ಜಿಐ ಸಿಕ್ಕಿತು. ಆದರೆ ಮೊಗ್ಗು ಸಂಜೆಗೆ ಅರಳಿಬಿಡುತ್ತೆ, ನಾಳೆಗೆ ಅಂತ ಇಟ್ಟುಕೊಳ್ಳುವಂತಿಲ್ಲ. ದರ ನಿರ್ಧರಿಸುವವನು ಪೇಟೆಯ ದಲ್ಲಾಳಿ. ಶ್ರಾವಣದಲ್ಲಿ, ಮದುವೆ ಕಾಲದಲ್ಲಿ ಏರುತ್ತೆ, ಉಳಿದಂತೆ ಕೇಳುವವರಿಲ್ಲ. 2020ರ ಲಾಕ್‌ಡೌನಿನಲ್ಲಿ ಗುಡಿ, ಮದುವೆ, ಬಸ್ಸು ಮೂರೂ ಒಟ್ಟಿಗೆ ನಿಂತಾಗ ಹೂ ಬೆಳೆಗಾರರ ಗತಿ ಏನಾಯಿತು ಅಂತ ರಾಜ್ಯವೇ ನೋಡಿತು. ಕಸುಬು ಇದೆ, ಕಚ್ಚಾಮಾಲು ಇದೆ, ಗಿರಾಕಿಯೂ ಇದ್ದಾನೆ, ದರದ ಮೇಲೆ ಹಿಡಿತ ಮಾತ್ರ ಇಲ್ಲ.

ಕಂಬಳಿಗೆ ಇದ್ಯಾವುದೂ ಉಳಿಯಲಿಲ್ಲ. ಪಾಣಿಪತ್ತಿನಿಂದ ಹಳೇ ಉಣ್ಣೆ ಬಟ್ಟೆ ಹರಿದು ಮತ್ತೆ ನೂತು ಮಾಡುವ ಅಗ್ಗದ ಹೊದಿಕೆ ಬಂತು, ಮಳೆಗೆ ಪ್ಲಾಸ್ಟಿಕ್ ಹಾಳೆ ಬಂತು. ಕುರಿಯನ್ನು ಮಾಂಸಕ್ಕಾಗಿ ಸಾಕುವುದೇ ಲಾಭ ಅಂತ ಆದ ಮೇಲೆ ಉಣ್ಣೆಯೇ ಇಲ್ಲದ ತಳಿಗಳು ಹಟ್ಟಿಗೆ ಬಂದವು. ಕೂಡ್ಲಿಗಿ ಕಡೆಯ ಹಳ್ಳಿಯೊಂದರಲ್ಲಿ ಕುರಿ ಕಾಯುತ್ತಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದ್ದೆ.

"ಅಜ್ಜಾ, ಉಣ್ಣೆ ಏನ್ ಮಾಡ್ತೀರಿ ಈಗ?"

"ಏನ್ ಮಾಡಾದು ತಮ್ಮಾ, ಕತ್ರಿಸಾಕೆ ಕೂಲಿ ನಾವೇ ಕೊಡಬೇಕು. ಕತ್ರಿಸಿದ್ ಉಣ್ಣಿ ಬೇಲಿ ಮಗ್ಗಲ ಒಗಿತೀವಿ. ತಗಳ್ಳೋರು ಯಾರದಾರ?"

"ಮಗ್ಗ?"

"ಐತಿ ಮನ್ಯಾಗ. ಕುಣಿ ಮುಚ್ಚೀವಿ, ಹುಡುಗ್ರು ಬಿದ್ದಾವು ಅಂತ."

ಅವರ ಮೊಮ್ಮಗ ಕೊಟ್ಟೂರಲ್ಲಿ ಕಂಪ್ಯೂಟರ್ ತರಬೇತಿ ಮುಗಿಸಿ ಬೆಂಗಳೂರಲ್ಲಿ ಸೆಕ್ಯೂರಿಟಿ ಕೆಲಸಕ್ಕಿದ್ದಾನಂತೆ. ಸರ್ಟಿಫಿಕೇಟನ್ನು ಗೋಡೆಗೆ ಹಾಕಿದ್ದಾರೆ, ನನಗೂ ತೋರಿಸಿದರು.

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ಶುರುಮಾಡಿತು. ಸಾಂಪ್ರದಾಯಿಕ ಕಸುಬಿನವರಿಗೆ ಐದಾರು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000, ಆಮೇಲೆ ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ಸಾಲ. ಹಳೆಯವುಗಳಿಗಿಂತ ಇದರಲ್ಲಿ ಒಂದಿಷ್ಟು ವಿವೇಕ ಇದೆ, ಒಪ್ಪುತ್ತೇನೆ. ಕಸುಬು ಗೊತ್ತಿದೆ ಅಂತ ಒಪ್ಪಿಕೊಂಡೇ ಶುರುಮಾಡುತ್ತೆ. ಅದರಲ್ಲಿ 18 ಕಸುಬುಗಳ ಪಟ್ಟಿ ಇದೆ. ಹಡಗಲಿಯವರಿಗೆ ಅನುಕೂಲವಾಗುವಂತೆ ಹೂಮಾಲೆ ಕಟ್ಟುವವರು ಇದ್ದಾರೆ. ಬಡಿಗ, ಕಮ್ಮಾರ, ಕುಂಬಾರ, ಚಮ್ಮಾರ, ಬುಟ್ಟಿ ಹೆಣೆಯುವವರು, ಮೀನಿನ ಬಲೆ ಮಾಡುವವರು ಎಲ್ಲ ಇದ್ದಾರೆ. ದರ್ಜಿಯೂ ಇದ್ದಾನೆ, ಅಂದರೆ ಹೊಲಿಗೆ ಯಂತ್ರ ಇಲ್ಲೂ ತಪ್ಪಲಿಲ್ಲ. ನಾನು ಪಟ್ಟಿಯನ್ನು ಎರಡು ಸಲ ಓದಿದೆ. ಕಂಬಳಿ ನೇಯುವವರು ಅದರಲ್ಲಿ ಇಲ್ಲ.